ಅಡವಿಯ ಎಲೆ, ದಿಲ್ಲಿಯ ಸಾಹೇಬರು

ದೇಶದ ಹವಾಮಾನ ನೀತಿಯ ಬಗ್ಗೆ ರೈತರನ್ನೂ ಅರಣ್ಯದ ನೌಕರರನ್ನೂ ಕೇಳುವ ಸಭೆಯಲ್ಲಿ ನಗು ಬರುವಂಥದ್ದು ಏನೂ ಇರಬಾರದು. ಮಳೆ ಹೊತ್ತು ತಪ್ಪುತ್ತಿದೆ, ಬಿಸಿಲು ಏರುತ್ತಿದೆ, ಅದು ಯಾರಿಗೂ ತಮಾಷೆಯಲ್ಲ. ಆದರೂ ನಾನು ಕೂತ ಒಂದು ಸಭೆಯೂ ನೆಟ್ಟಗೆ ಮುಗಿಯಲಿಲ್ಲ. ಜನ ಎಷ್ಟು ಗಂಭೀರವಾಗಿ ಕೂತರೂ ಏನಾದರೊಂದು ಆಗಿಯೇ ಆಗುತ್ತಿತ್ತು.

ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆಯವರು ಲೋಂಡಾ ಕಡೆಯ ಅಡವಿಯಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದರು. ಹೋದ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು. ಆಮೇಲೆ ನಾನು ಪಾಠ ಬಿಟ್ಟರೆ ಬೇರೆ ಮಾತು ಆಡುತ್ತಿರಲಿಲ್ಲ. ಸ್ಟಾಫ್ ರೂಮಿಗೆ ನಾನು ಬಂದರೆ ಉಳಿದವರೂ ಸುಮ್ಮನಾಗುತ್ತಿದ್ದರು. ಅದನ್ನು ನೋಡಲಾರದೆ ನಮ್ಮ ಹೆಡ್‌ಮಾಸ್ತರರು ಒಂದು ದಿನ ಕರೆದು ಹೇಳಿದರು.

"ಅಕ್ಕೋರ, ದಿಲ್ಲಿಯಿಂದ ಮಂದಿ ಬರಾಕತ್ತಾರ. ಕನ್ನಡಾ, ಮರಾಠಿ, ಹಿಂದಿ ಮೂರೂ ಬರೋರು ಒಬ್ಬರು ಬೇಕಂತ. ನಿಮ್ಮ ಹೆಸರ ಕೊಟ್ಟೀನಿ."

"ಸರ್, ನನಗ ಈಗ ಮಾತಾಡೂದು ಆಗೂದಿಲ್ರಿ."

"ನೀವು ಮಾತಾಡೂದ ಬ್ಯಾಡ್ರಿ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸ್ರಿ. ನಿಮ್ಮದು ಒಂದಕ್ಷರಾನೂ ಬ್ಯಾಡ."

ಅದು ನನಗೆ ಸರಿಹೋಯಿತು. ಒಪ್ಪಿಕೊಂಡೆ. ಆಡಿದ ಮಾತಿಗೆ ಒಂದು ಶಬ್ದ ಸೇರಿಸಬಾರದು, ಒಂದು ಶಬ್ದ ಬಿಡಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ.

ಆದರೆ ದಿಲ್ಲಿಯ ತಂಡದವರು ಕಳಿಸಿದ್ದ ನೀತಿಯ ಕರಡನ್ನು ಓದುತ್ತಿದ್ದಾಗ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಅಡವಿಯ ಒಣಎಲೆ ಅಡವಿಯಲ್ಲೇ ಉಳಿಯಬೇಕು, ಅಂಚಿನ ಹಳ್ಳಿಗಳವರು ಅದನ್ನು ಒಯ್ಯುವುದು ನಿಲ್ಲಬೇಕು ಎಂದಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಆ ಎಲೆಯನ್ನು ದನಗಳ ಕಾಲಡಿಗೆ ಹಾಸುತ್ತಾರೆ, ಸಗಣಿಯೊಂದಿಗೆ ತಿಪ್ಪೆಗೆ ಹಾಕುತ್ತಾರೆ, ಭತ್ತದ ಗದ್ದೆಗೆ ಅದೇ ಗೊಬ್ಬರ. ನಮ್ಮ ಮನೆಯವರು ಪ್ರತಿ ಬೇಸಿಗೆ ಊಟಕ್ಕೆ ಕೂತಾಗ ಒಂದು ಮಾತು ಹೇಳುತ್ತಿದ್ದರು: ರಸ್ತೆ ಬದಿಯ ಎಲೆಯನ್ನು ಜನ ಒಯ್ಯಲಿ, ಒಳಗಿನದು ಅಡವಿಗಿರಲಿ, ಬದಿ ಖಾಲಿ ಇದ್ದರೆ ಬೆಂಕಿಗೆ ದಾಟಲು ದಾರಿ ಇರುವುದಿಲ್ಲ. ಸಭೆಗಳಲ್ಲಿ ಯಾರೂ ಆ ಸಾಲಿನ ಬಗ್ಗೆ ಏನೂ ಹೇಳದಿದ್ದರೆ ಅದು ಇದ್ದ ಹಾಗೆಯೇ ದಿಲ್ಲಿಗೆ ಹೋಗುತ್ತದೆ ಎಂದು ತಂಡದವರು ಮೊದಲೇ ತಿಳಿಸಿದ್ದರು. ನಾನು ಹೇಳುವ ಹಾಗಿರಲಿಲ್ಲ. ಯಾರಾದರೂ ಹೇಳಲಿ ಎಂದು ಕಾಯುತ್ತಾ ಸಭೆಯಿಂದ ಸಭೆಗೆ ಹೋದೆ.

೧. ಪಟಗಾ

ಮೊದಲ ಸಭೆ ಬೆಳಗಾವಿಯ ಟಿಳಕವಾಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ಬಾಗಿಲಿಗೆ ಹಿಂದಿನ ದಿನದ ಮದುವೆಯ ವಧೂವರರ ಹೆಸರು ಹೂವಿನಲ್ಲಿ ಹಾಗೇ ಇತ್ತು. ದಿಲ್ಲಿಯಿಂದ ಬಂದವರು ಇಬ್ಬರು: ನಡುವಯಸ್ಸಿನ ಒಬ್ಬ ಅಧಿಕಾರಿ, ಜೊತೆಗೆ ಒಬ್ಬ ಯುವ ವಿಜ್ಞಾನಿ, ಹೆಣ್ಣುಮಗಳು. ಇಬ್ಬರೂ ಸಜ್ಜನರು. ಕೇಳಿಸಿಕೊಳ್ಳಬೇಕೆಂದೇ ಬಂದಿದ್ದರು.

ನಮ್ಮಲ್ಲಿ ಬಂದವರಿಗೆ ಸತ್ಕಾರ ಮಾಡದೆ ಸಭೆ ಸುರುವಾಗುವುದಿಲ್ಲ. ರೈತರ ಸಂಘಗಳು ಹಲವು ಬಂದಿದ್ದವು, ಪ್ರತಿ ಸಂಘವೂ ತನ್ನ ಶಾಲು, ತನ್ನ ಹಾರ, ತಲೆಗೆ ಸುತ್ತುವ ತನ್ನ ಪಟಗಾ ತಂದಿತ್ತು. ಮೊದಲ ಸಂಘದವರು ಅಧಿಕಾರಿಗೆ ಪಟಗಾ ಸುತ್ತಿಸಿದರು. ಎರಡನೆಯ ಸಂಘದವರು ಬಂದು ನಿಂತರು. ಈಗ ತೊಡಕು ಬಂತು. ಸುತ್ತಿದ್ದನ್ನು ಬಿಚ್ಚಿದರೆ ಮೊದಲಿನವರಿಗೆ ಅವಮಾನ. ಬಿಚ್ಚದಿದ್ದರೆ ಎರಡನೆಯವರಿಗೆ ಅವಮಾನ. ವೇದಿಕೆಯ ಮೇಲೆ ಸಣ್ಣ ಪಂಚಾಯಿತಿ ನಡೆಯಿತು. ಕೊನೆಗೆ, ಸುತ್ತಿಸಿದ ಸಂಘದ ಅಧ್ಯಕ್ಷರೇ ಎರಡೂ ಕೈಯಿಂದ ತಮ್ಮ ಪಟಗಾ ಎತ್ತಿ ಮೇಜಿನ ಮೇಲಿಡಬೇಕು, ಆಮೇಲೆ ಮುಂದಿನವರು ಸುತ್ತಿಸಬೇಕು ಎಂದು ತೀರ್ಮಾನವಾಯಿತು.

ಎಲ್ಲ ಸಂಘಗಳಿಗೂ ಸೇರಿ ಪಟಗಾ ಸುತ್ತಲು ಬರುವವನು ಒಬ್ಬನೇ ಇದ್ದ. ಕೆಲಸ ಬಲ್ಲವನು, ಅವಸರ ಮಾಡುವವನಲ್ಲ. ಪ್ರತಿ ಸಲವೂ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಮುಂದೆ ಬಂದು ಒಂದು ಮಡಿಕೆ ತಿದ್ದುತ್ತಿದ್ದ. ಅಧಿಕಾರಿ ಕ್ಷೌರಕ್ಕೆ ಕೂತವರ ಹಾಗೆ ಅಲುಗದೆ ಕೂತಿದ್ದರು. ಕೊನೆಯ ಪಟಗಾ ಏರುವ ಹೊತ್ತಿಗೆ ಅಡಿಗೆಯವರು ಬಾಗಿಲಲ್ಲಿ ಬಂದು ಇಣುಕಿ ಹೋಗಿದ್ದರು.

"ಕರಡಿನ ಯಾವುದೇ ಮಾತು ನಿಮಗೆ ಒಪ್ಪಿಗೆಯಾಗದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ" ಎಂದರು ಅಧಿಕಾರಿ. ನಾನು ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಒಬ್ಬ ಮುಖಂಡರು ಎದ್ದರು.

"ಸಾಹೇಬರ, ಒಪ್ಪಿಗಿ ಆಗಲಾರದ್ದು ಭಾಳ ಐತ್ರಿ. ಕಬ್ಬಿಂದೈತಿ, ನೀರಿಂದೈತಿ, ಕರೆಂಟಿಂದೈತಿ. ಆದರ ಈಗರ ಪಟಗಾ ಸುತ್ತೀವಿ. ಸುತ್ತಿದ ಕೈಲೆ ಹ್ಯಾಂಗ ಜಗಳಾ ತಗೀಬೇಕು?"

"ಹಾಗಾದರೆ ಯಾವಾಗ ಹೇಳುತ್ತೀರಿ?"

"ಇನ್ನೊಮ್ಮೆ ಬರ್ರಿ. ನಮಗ ಹೇಳಲಾರದ ಬರ್ರಿ. ಶಾಲು, ಹಾರ ತರಾಕ ಯಾಳ್ಯಾ ಸಿಗಬಾರದು. ಅವಾಗ ನೋಡ್ರಿ ನಾವು ಹ್ಯಾಂಗ ಬೈತೀವಂತ!"

ಒಂದು ಶಬ್ದ ಬಿಡದೆ ಹಿಂದಿಗೆ ತಿರುಗಿಸಿದೆ. ಅಧಿಕಾರಿ ಪಟಗಾ ಜಾರದಂತೆ ಒಂದು ಕೈಯಿಂದ ಹಿಡಿದುಕೊಂಡು, ತಲೆಬಾಗಿ ಕೃತಜ್ಞತೆ ಹೇಳಿದರು. ಜೋರಾಗಿ ಚಪ್ಪಾಳೆ ಬಿತ್ತು.

೨. ದೊಡ್ಡ ಸಾಹೇಬರ ಫೋನು

ಎರಡನೆಯದು ನೆಹರು ನಗರದ ಒಂದು ಸಭಾಗೃಹದಲ್ಲಿ, ಅರಣ್ಯದ ನೌಕರರಿಗಾಗಿ. ವಾಚರುಗಳು, ಗಾರ್ಡುಗಳು, ಫಾರೆಸ್ಟರುಗಳು ಇಸ್ತ್ರಿ ಮಾಡಿದ ಖಾಕಿಯಲ್ಲಿ ಸಾಲಾಗಿ ಕೂತಿದ್ದರು. ಅವರಲ್ಲಿ ಅರ್ಧದಷ್ಟು ಜನ ನಮ್ಮ ಮನೆಗೆ ಬಂದು ಉಂಡು ಹೋದವರು. ನಾನು ಒಳಗೆ ಬಂದಾಗ ಎಲ್ಲರೂ ಏಕಕಾಲಕ್ಕೆ ತಮ್ಮ ತಮ್ಮ ಬೂಟು ನೋಡಿಕೊಂಡರು.

"ಇವತ್ತು ಇಲ್ಲಿ ಮೇಲಿನವರು, ಕೆಳಗಿನವರು ಅಂತ ಇಲ್ಲ. ಮನಸ್ಸು ಬಿಚ್ಚಿ ಮಾತಾಡಿ" ಎಂದರು ದಿಲ್ಲಿಯ ಅಧಿಕಾರಿ.

ಮುಂದಿನ ಸಾಲಿನಲ್ಲಿ ಅವರೆಲ್ಲರಿಗೂ ಮೇಲಿನ ದೊಡ್ಡ ಸಾಹೇಬರು ಕೂತಿದ್ದರು. ಅವರಿಗೆ ಫೋನು ಬಂತು. ಮಾತಾಡಲು ಎದ್ದು ಹೊರಗೆ ಹೋದರು. ಸಾಹೇಬರು ಎದ್ದರೆ ಸಿಬ್ಬಂದಿ ಕೂತಿರುವುದು ಹೇಗೆ? ಇಡೀ ಸಭೆ ಎದ್ದು ನಿಂತಿತು.

ದಿಲ್ಲಿಯ ಅಧಿಕಾರಿಗೆ ಬಹಳ ಸಂತೋಷವಾಯಿತು. "ನೋಡಿ, ಎಲ್ಲರಿಗೂ ಹೇಳುವುದಿದೆ! ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ" ಎಂದರು. ಎಲ್ಲರೂ ಕೂತರು. ಅವರು ಮೊದಲನೆಯವನನ್ನು ಕರೆಯುವಷ್ಟರಲ್ಲಿ ದೊಡ್ಡ ಸಾಹೇಬರು ಒಳಗೆ ಬಂದರು. ಎಲ್ಲರೂ ಮತ್ತೆ ಎದ್ದರು. ಸಾಹೇಬರು ಕೂತರು, ಎಲ್ಲರೂ ಕೂತರು. ಮತ್ತೆ ಫೋನು ಬಂತು.

ಹೀಗೆ ನಡೆದೇ ನಡೆಯಿತು. ನಮ್ಮ ಶಾಲೆಯ ಡ್ರಿಲ್ ಪಿರಿಯಡ್ಡಿನಲ್ಲೂ ಮಕ್ಕಳು ಇಷ್ಟು ಒಮ್ಮನಸ್ಸಿನಿಂದ ಎದ್ದು ಕೂತು ಮಾಡಿದ್ದನ್ನು ನಾನು ನೋಡಿಲ್ಲ. ಕೊನೆಗೆ ವಿಜ್ಞಾನಿ ಹೆಣ್ಣುಮಗಳು ಹಿಂದಿನ ಸಾಲಿನ ಒಬ್ಬ ವಾಚರನನ್ನು ನೇರವಾಗಿ ಕೇಳಿದಳು. "ನೀವು ಸೇವೆಗೆ ಸೇರಿದಾಗಿನಿಂದ ಈಗಿನವರೆಗೆ ಬೇಸಿಗೆಯ ಕಾವು ಎಷ್ಟು ಹೆಚ್ಚಾಗಿದೆ ಅನ್ನಿಸುತ್ತದೆ?"

ಅವನು ತನ್ನ ಗಾರ್ಡನನ್ನು ನೋಡಿದ. ಗಾರ್ಡು ಫಾರೆಸ್ಟರನ್ನು ನೋಡಿದ. ಫಾರೆಸ್ಟರು ದೊಡ್ಡ ಸಾಹೇಬರ ಬೆನ್ನು ನೋಡಿದರು. ಬೆನ್ನಿನಿಂದ ಏನೂ ತಿಳಿಯಲಿಲ್ಲ.

"ಸಾಹೇಬರು ಹೇಳಿದಷ್ಟು ಆಗೇತ್ರಿ" ಎಂದ ವಾಚರ.

ಚಹಾದ ಹೊತ್ತಿನಲ್ಲಿ ನಮ್ಮ ಮನೆಯವರ ಜೊತೆ ಕೆಲಸ ಮಾಡಿದ, ನನ್ನನ್ನು ಅತ್ತಿಗೆಯೆಂದೇ ಕರೆಯುವ ಒಬ್ಬ ಗಾರ್ಡು ನನ್ನ ಹತ್ತಿರ ಬಂದ.

"ವೈನಿ, ಆ ಎಲಿ ಮಾತ ನೀವರ ಹೇಳಬಾರದಾಗಿತ್ತ? ಅಣ್ಣಾ ಯಾವಾಗಲೂ ಹೇಳತಿದ್ದಾ."

"ನಾ ಹೇಳಾಕ ಕುಂತಿಲ್ಲಪಾ. ನೀ ಹೇಳಿದ್ದರ ನಾ ಹಿಂದಿಯೊಳಗ ಹೇಳತಿದ್ದೆ."

"ನನಗೇನ ಅಂಜಿಕಿ ವೈನಿ? ಈಗ ಒಳಗ ಹ್ವಾದ ಕೂಡಲೆ ಹೇಳತೀನಿ. ಯಾರ ಇದ್ದರೇನ? ಖರೇ ಮಾತ ಹೇಳಾಕ ಯಾರ..."

ಅಷ್ಟರಲ್ಲಿ ದೊಡ್ಡ ಸಾಹೇಬರು ಫೋನಿನಲ್ಲಿ ಮಾತಾಡುತ್ತಾ ಆ ಕಡೆಯಿಂದ ಹಾದು ಹೋದರು. ಅವನು ಬೂಟು ಕೂಡಿಸಿ ಸೆಲ್ಯೂಟು ಹೊಡೆದ. ಚಹಾದ ಕಪ್ಪು ಆ ಕೈಯಲ್ಲೇ ಇತ್ತು.

೩. ಕಪ್ಪೆಯೋ, ಕತ್ತೆಯೋ

ಖಾನಾಪುರದ ಸಭೆಗೆ ಭತ್ತದ ರೈತರು ಬಂದಿದ್ದರು. ಇಲ್ಲಿ ಪಟಗಾ ಇರಲಿಲ್ಲ, ದೊಡ್ಡ ಸಾಹೇಬರೂ ಇರಲಿಲ್ಲ. ಇವತ್ತು ಎಲೆಯ ಮಾತು ಬಂದೇ ಬರುತ್ತದೆ ಎಂದುಕೊಂಡೆ.

ಮಳೆ ಹೇಗೆ ಬದಲಾಗಿದೆ ಎಂದು ವಿಜ್ಞಾನಿ ಕೇಳಿದಳು. ಧೋತರ ಉಟ್ಟ ಒಬ್ಬ ಹಿರಿಯರು ಎದ್ದು, "ಈ ಸಲ ಆರಿದ್ರಾ ಮಳಿ ಚಲೋ ಆಗಬೇಕಾಗಿತ್ತು. ವಾಹನ ಕಪ್ಪಿ ಇತ್ತು. ಆದರ ಆಗಲಿಲ್ಲ" ಎಂದರು.

ಪ್ರತಿ ಮಳೆನಕ್ಷತ್ರಕ್ಕೂ ಪಂಚಾಂಗದಲ್ಲಿ ಒಂದು ವಾಹನ ಕೊಟ್ಟಿರುತ್ತಾರೆ, ಕಪ್ಪೆಯೋ, ಆನೆಯೋ, ನರಿಯೋ. ಅದರ ಮೇಲೆ ಮಳೆಯ ಅಂದಾಜು. ಹಿರಿಯರು ವಿವರಿಸಿದ ಇದನ್ನು ನಾನು ಹಿಂದಿಗೆ ತಿರುಗಿಸಿದೆ. ವಿಜ್ಞಾನಿ ಆಸಕ್ತಿಯಿಂದ ಬರೆದುಕೊಂಡಳು.

ಬಾಜೂ ಕೂತಿದ್ದ ಇನ್ನೊಬ್ಬ ಹಿರಿಯರು ಕೂತಲ್ಲಿಂದಲೇ, "ಯಾವ ಕಪ್ಪಿ? ಕತ್ತಿ ಇತ್ತು. ಕತ್ತಿ ಮ್ಯಾಲ ಬಂದ ಮಳಿ ಮತ್ತ್ಯಾಂಗ ಆಗತೈತಿ?" ಎಂದರು.

"ಕಪ್ಪಿ. ನಮ್ಮ ಗ್ವಾಡಿ ಮ್ಯಾಲ ತೂಗ ಬಿಟ್ಟೈತಿ, ಬಂದ ನೋಡು."

"ನಿಮ್ಮ ಗ್ವಾಡಿಗಿ ಕನ್ನಡ ಪಂಚಾಂಗ. ನಮ್ಮದು ಮರಾಠಿ. ಅದರಾಗ ಕತ್ತಿ ಅಂತ ಚೊಕ್ಕ ಐತಿ."

"ಅದಕ್ಕ ನಿನ್ನ ಗದ್ದಿಯೊಳಗ ಏನೂ ಬೆಳೀಲಿಲ್ಲ."

"ನಿನ್ನ ಗದ್ದಿಯೊಳಗ ಕಪ್ಪೀನರ ಬೆಳದಾವು ಬಿಡು."

ಇಬ್ಬರೂ ಬೀಗರು, ಇದು ನನಗೆ ಆಮೇಲೆ ತಿಳಿಯಿತು. ಆದರೆ ಆ ಹೊತ್ತಿಗೆ ಸಭೆ ಎರಡಾಗಿತ್ತು. ಕಪ್ಪೆಯ ಕಡೆಯವರು ಕಿಟಕಿಯ ಪಕ್ಕಕ್ಕೆ, ಕತ್ತೆಯ ಕಡೆಯವರು ಬಾಗಿಲ ಪಕ್ಕಕ್ಕೆ. ನಾನು ಎರಡೂ ಕಡೆಯ ಮಾತನ್ನು ಹಿಂದಿಗೆ ತಿರುಗಿಸುತ್ತಲೇ ಇದ್ದೆ. ನಡುವೆ ಅಧಿಕಾರಿ ಒಣಎಲೆಯ ಸಾಲನ್ನು ಓದಿ ಅಭಿಪ್ರಾಯ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಎಂದಿಗಿಂತ ನಿಧಾನವಾಗಿ, ಎರಡೆರಡು ಸಲ ಹೇಳಿದೆ. "ತಡೀರಿ ಅಕ್ಕೋರ, ಇದೊಂದು ಮುಗೀಲಿ" ಎಂದರು ಧೋತರದ ಹಿರಿಯರು.

ಅದು ಮುಗಿಯುವ ಹಾಗೆ ಕಾಣಲಿಲ್ಲ. ಕೊನೆಗೆ ಅವರೇ ಅಧಿಕಾರಿಯ ಕಡೆ ತಿರುಗಿದರು. "ಸಾಹೇಬರ, ನೀವು ಇಡೀ ದೇಶಕ್ಕ ಒಂದ ನೀತಿ ಮಾಡಾಕ ಹೊಂಟೀರಿ. ಮೊದಲ ಇದನ್ನ ಪಕ್ಕಾ ಮಾಡಿ ಹೋಗ್ರಿ. ಕಪ್ಪಿನೋ, ಕತ್ತಿನೋ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಅವರ ಸೇವೆಯ ಅನುಭವವೆಲ್ಲ ಆ ಒಂದು ಗಳಿಗೆಯಲ್ಲಿ ನೆರವಿಗೆ ಬಂದಿರಬೇಕು.

"ಈ ವಿಷಯ," ಎಂದರು, "ರಾಜ್ಯ ಸರ್ಕಾರದ ವ್ಯಾಪ್ತಿಗೆ ಬರುತ್ತದೆ."

೪. ಮಾತಾಡಿಸಲು ಬಂದವರು

ಉಳಿದದ್ದು ಒಂದೇ ಸಭೆ. ಅದು ಲೋಂಡಾ ದಾರಿಯ ಒಳಗಿನ ಒಂದು ಸಣ್ಣ ಹಳ್ಳಿಯಲ್ಲಿ. ನಮ್ಮ ಮನೆಯವರು ಕೊನೆಗೆ ಕೆಲಸ ಮಾಡಿದ್ದು ಅಲ್ಲಿಯ ಅಡವಿಯಲ್ಲೇ. ಅವರು ಹೋದ ಮೇಲೆ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ದಿಲ್ಲಿಯವರಿಗೆ ಇದೇನೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ತಿರುಗಿಸಿ ಹೇಳು ಎಂದು ಯಾರೂ ನನಗೆ ಕೊಟ್ಟ ಮಾತು ಅದಾಗಿರಲಿಲ್ಲ.

ಶಾಲೆಯ ಕಟ್ಟೆಯ ಮೇಲೆ ಮೇಜು, ಕುರ್ಚಿ ಹಾಕಿದ್ದರು. ಜನ ಬಂದರು. ಆದರೆ ಯಾರೂ ಮೇಜಿನ ಮುಂದೆ ಕೂರಲಿಲ್ಲ. ಎಲ್ಲರೂ ನಾನಿದ್ದ ಕಡೆಗೆ ಬಂದು, ನನ್ನ ಕಡೆ ಮುಖ ಮಾಡಿ, ಅಧಿಕಾರಿಗೆ ಬೆನ್ನು ಮಾಡಿ ಕೂತರು. ಒಬ್ಬ ಮುದುಕಿ ನನ್ನ ಪಕ್ಕಕ್ಕೇ ಬಂದು ಕೂತು ನನ್ನ ಕೈ ಹಿಡಿದುಕೊಂಡಳು. ಆಗ ನನಗೆ ಅರ್ಥವಾಯಿತು.

ನಮ್ಮ ಕಡೆ ಸಾವಾದ ಮನೆಯವರನ್ನು ಹೋಗಿ ಮಾತಾಡಿಸಿ ಬರಬೇಕು. ಹೋದವರ ಬಗ್ಗೆ ಒಂದೆರಡು ಮಾತು ಆಡಿ ಎದ್ದು ಬರುವುದು. ಏಳುವಾಗ 'ಬರ್ತೀನಿ' ಅನ್ನಬಾರದು. ಅಂಥ ಕೆಲಸಕ್ಕೆ ಮತ್ತೆ ಬರುವ ಹಾಗಾಗಬಾರದು ಎಂದು. ನಮ್ಮ ಮನೆಯವರು ತೀರಿಕೊಂಡಾಗ ಈ ಊರಿನ ಹಳ್ಳ ತುಂಬಿ ಹರಿಯುತ್ತಿತ್ತು. ಆಮೇಲೆ ನಾಟಿ, ಕೊಯ್ಲು. ಬರುವುದು ಆಗಿರಲಿಲ್ಲ. ಈಗ ನಾನೇ ಅವರ ಊರಿಗೆ ಬಂದಿದ್ದೆ. ಅದು ಆಗದೆ ಬೇರೆ ಯಾವ ಮಾತೂ ಆಗುವ ಹಾಗಿರಲಿಲ್ಲ, ಹವಾಮಾನದ್ದಂತೂ ಅಲ್ಲವೇ ಅಲ್ಲ.

ಅಧಿಕಾರಿ ಬೆನ್ನುಗಳನ್ನೇ ನೋಡುತ್ತಾ, "ದಯವಿಟ್ಟು ಪ್ರಾರಂಭಿಸಿ" ಎಂದರು.

ಒಬ್ಬ ರೈತ ನನ್ನನ್ನು ನೋಡಿ, "ಚಲೋ ಮನಷ್ಯಾ ಇದ್ದರ್ರಿ ಗಾರ್ಡ ಸಾಹೇಬ್ರು" ಎಂದ. ಸ್ವಲ್ಪ ಹೊತ್ತು ಕೂತ. ಎದ್ದು, ಚಪ್ಪಲಿ ಮೆಟ್ಟಿ, ಹಿಂದೆ ತಿರುಗದೆ ಹೊರಟುಹೋದ.

"ಏನು ಹೇಳಿದರು?" ಎಂದು ಕೇಳಿದರು ಅಧಿಕಾರಿ.

"ಗಾರ್ಡು ಒಳ್ಳೆಯ ಮನುಷ್ಯರಿದ್ದರು ಎಂದರು."

ಅವರು ಬರೆದುಕೊಂಡರು. "ಹೋದದ್ದೇಕೆ?"

"ಹೇಳುವುದು ಮುಗಿಯಿತು, ಸರ್."

ಇನ್ನೊಬ್ಬ ಹೇಳಿದ. "ಬೆಂಕಿ ಬಿದ್ದೈತಿ ಅಂದರ ಉಣ್ಣೂ ತಾಟ ಬಿಟ್ಟ ಬರಾವ್ರು." ಅವನೂ ಎದ್ದು ಹೋದ. ಹಿಂದೆಯೇ ಮತ್ತಿಬ್ಬರು ಏನೂ ಹೇಳದೆ ಎದ್ದು ಹೋದರು. ಒಂದು ನಮಸ್ಕಾರವಿಲ್ಲ, ಹೋಗಿ ಬರುತ್ತೇವೆ ಎಂಬ ಮಾತಿಲ್ಲ. ಅಧಿಕಾರಿ ವಿಜ್ಞಾನಿಯ ಕಡೆ ಬಗ್ಗಿ, "ಬಹಿಷ್ಕಾರ ಹಾಕುತ್ತಿದ್ದಾರೆ" ಎಂದು ಪಿಸುಗುಟ್ಟಿದರು. "ಮೇಡಂ, ಉಳಿದವರಾದರೂ ಏಳದ ಹಾಗೆ ಹೇಳಿ."

ಏಳಬೇಡಿ ಎಂದು ಹೇಳಿದೆ. ಮಾತಾಡಿಸಲು ಬಂದವರಿಗೆ ಹಾಗೆ ಹೇಳಿದವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಅವರು ಗಾಬರಿಯಿಂದ ಕೂತರು.

ಆಗ ಟವೆಲ್ಲು ಹೊದ್ದ ಒಬ್ಬ ನಡುವಯಸ್ಸಿನವನು ನೆಲ ನೋಡುತ್ತಾ ಹೇಳಿದ. "ಪ್ರತಿ ವರ್ಷ ಬ್ಯಾಸಿಗ್ಯಾಗ ಅಂವಾ ಬಂದು ಹೇಳಾವ್ರಿ, ರಸ್ತಾ ಬಾಜೂಂದು ಎಲಿ ಒಯ್ರಿ, ಒಳಗಿಂದು ಅಡವಿಗಿ ಬಿಡ್ರಿ ಅಂತ. ಹಂಗ ಮಾಡಿದ ಕಡೆ ಬೆಂಕಿ ದಾಟಲಿಲ್ಲರಿ. ನಮಗ ಗೊಬ್ಬರಾನೂ ಆತು. ಇನ್ನ ನಮಗ ಯಾರ ಬಂದ ಹೇಳವ್ರು?"

ಸಭೆಗಳ ಉದ್ದಕ್ಕೂ ನಾನು ಕಾದಿದ್ದ ಮಾತು. ಅದು ನಮ್ಮ ಮನೆಯವರ ಬಾಯಿಂದಲೇ ಬಂದ ಹಾಗಿತ್ತು. ಶಬ್ದಕ್ಕೆ ಶಬ್ದ ಹಿಂದಿಗೆ ತಿರುಗಿಸಿದೆ. ಕೊನೆಯ ಪ್ರಶ್ನೆಯನ್ನೂ ಬಿಡಲಿಲ್ಲ. ನನ್ನ ದನಿ ಸಣ್ಣಗೆ ನಡುಗಿತು, ಅದು ಮೂಲದಲ್ಲಿರಲಿಲ್ಲ.

ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದರು. "ಇದಕ್ಕಾಗಿಯೇ ನಾವು ಬಂದದ್ದು! ಆ ಸಾಲಿನ ಬಗ್ಗೆ ಮೊದಲ ಸಲ ಒಬ್ಬರು ಬಾಯಿಬಿಟ್ಟರು. ಇದು ಇಡೀ ಊರಿನ ಅಭಿಪ್ರಾಯ ಎಂದು ಬರೆಯಬಹುದೇ, ಕೇಳಿ."

ಕೇಳಿದೆ. "ಬರಕೋ ಅಂತ ಹೇಳ್ರಿ" ಎಂದರು ಎಲ್ಲರೂ. ಅಧಿಕಾರಿ ಬರೆದು, ಓದಿ ತೋರಿಸಿದರು. ರಸ್ತೆ ಬದಿಯದು ಊರಿಗೆ, ಒಳಗಿನದು ಅಡವಿಗೆ. ಸರಿಯಾಗಿತ್ತು. ಎಲ್ಲಿಯೂ ಹೆಚ್ಚು ಕಡಿಮೆ ಇರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧಿಕಾರಿಗೆ ಈಗ ಉತ್ಸಾಹ ಬಂದಿತ್ತು.

"ಈ ಗಾರ್ಡು ಈಗ ಎಲ್ಲಿದ್ದಾರೆ, ಮೇಡಂ? ವರ್ಗವಾಗಿ ಹೋದರೇ?"

"ಈಗ ಇಲ್ಲಿ ಇಲ್ಲ, ಸರ್."

"ಊರಿಗೆ ಊರೇ ಅವರನ್ನು ಬೇಕೆನ್ನುತ್ತಿದೆ. ಇಂಥವರನ್ನು ಇಲ್ಲಿಂದ ಕಳಿಸಲೇಬಾರದಿತ್ತು. ನಾನು ಮೇಲಿನವರ ಜೊತೆ ಮಾತಾಡುತ್ತೇನೆ. ಅವರನ್ನು ತಿರುಗಿ ಇಲ್ಲಿಗೇ ಹಾಕಿಸುತ್ತೇನೆ. ಇವರಿಗೆ ಹೇಳಿ."

ನನ್ನ ಕೈ ಹಿಡಿದಿದ್ದ ಮುದುಕಿ ಕೇಳಿದಳು. "ಏನಂತಾನ ಯವ್ವಾ ದಿಲ್ಲಿ ಸಾಹೇಬ?"

ಅಲ್ಲಿಯವರೆಗೆ ನಾನು ಯಾರ ಮಾತನ್ನೂ ತಡೆದಿರಲಿಲ್ಲ. ಹೇಳಿದೆ.

"ಮ್ಯಾಲಿನವರ ಜೋಡಿ ಮಾತಾಡಿ, ಗಾರ್ಡ ಸಾಹೇಬರನ್ನ ತಿರುಗಿ ಇಲ್ಲೇ ಹಾಕಸ್ತಾರಂತ."

ಮುದುಕಿ ಅಧಿಕಾರಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಹಾಕಸಂತ ಹೇಳವಾ" ಎಂದಳು. "ನಾವೇನ ಬ್ಯಾಡ ಅಂದೀವಿ?"

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡರು. ಅಳುತ್ತಾ ಕೂತಿದ್ದ ಟವೆಲ್ಲಿನವನು ಅಳುತ್ತಲೇ ನಕ್ಕ. ನನಗೂ ತಡೆಯಲಾಗಲಿಲ್ಲ. ಎಷ್ಟೋ ತಿಂಗಳಿಂದ ಬಾರದಿದ್ದದ್ದು ಎಲ್ಲಾ ಒಟ್ಟಿಗೇ ಬಂದ ಹಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡೂ ಬೇರೆ ಮಾಡಲು ಬರದ ಹಾಗೆ. ಸಭೆ ಕಡೆಗೂ ಕಳೆಗಟ್ಟಿತೆಂದು ಅಧಿಕಾರಿಯೂ ಮುಗುಳ್ನಕ್ಕರು.

ಕಣ್ಣು ಒರೆಸಿಕೊಂಡು ಅವರಿಗೆ ಹೇಳಿದೆ. ಗಾರ್ಡು ತೀರಿಕೊಂಡಿದ್ದಾರೆ ಎಂದೆ. ಅವರು ನನ್ನ ಗಂಡ ಎಂದೆ. ಸಭೆಗಳಲ್ಲಿ ಯಾರೂ ಕೇಳದೆ ನಾನು ಆಡಿದ ನನ್ನದೇ ಮಾತು ಇದೊಂದೇ.

ಅವರ ಕೈಯಿಂದ ಪೆನ್ನು ಬಿತ್ತು. ಎದ್ದು ಬಂದು ಕೈ ಮುಗಿದರು. ಆಮೇಲೆ, "ಇವರೆಲ್ಲರ ಮುಂದೆ ಎಂಥ ಮಾತಾಡಿಬಿಟ್ಟೆ! ನನ್ನಿಂದ ದೊಡ್ಡ ತಪ್ಪಾಯಿತು. ಕ್ಷಮೆ ಕೇಳುತ್ತೇನೆಂದು ಹೇಳಿ ಮೇಡಂ" ಎಂದರು.

"ಸಾಹೇಬರು ತಪ್ಪಾತು ಅಂತಾರ" ಎಂದೆ.

"ತಪ್ಪ್ಯಾಕ ಆಕ್ಕೈತಿ?" ಎಂದಳು ಮುದುಕಿ, ನನ್ನ ಕೈ ಬಿಡದೆ. "ಇಷ್ಟ ಮಂದಿ ನಿನ್ನ ಮಾತಾಡಸಾಕ ಬಂದ್ರು. ಎಲ್ಲಾರೂ ಸಮಾಧಾನ ಮಾಡ್ಕೋ, ಸಮಾಧಾನ ಮಾಡ್ಕೋ ಅಂದ ಹ್ವಾದ್ರು. ತಿರುಗಿ ತಂದ ಕೊಡತೀನಿ ಅಂದಾವ ಇಂವ ಒಬ್ಬನ ನೋಡ!"